ಅರವತ್ಮೂರನೆಯವನು

ಅವ್ವನ ಟ್ರಂಕಿನಲ್ಲಿ ಅವಳ ಮದುವೆಯ ಇಳಕಲ್ ಸೀರೆ, ಹೊಲದ ಉತಾರ, ಅಪ್ಪನ ಸೊಸೈಟಿ ಪಾಸ್‌ಬುಕ್ಕುಗಳ ಜೊತೆ ನನ್ನ ಮೂರು ಐಡಿ ಕಾರ್ಡುಗಳಿವೆ. ಮೂರೂ ಒಂದೇ ನೌಕರಿಯವು. 1997ರ ಕಾರ್ಡಿನಲ್ಲಿ ನನ್ನ ನಂಬರು 63. 2000ದ ಕಾರ್ಡಿನಲ್ಲಿ ಅದೇ ನಂಬರಿನ ಮುಂದೆ ಸೊನ್ನೆಗಳು ಬಂದು 00063 ಆಗಿದೆ. ಮೂರನೆಯದು ನಮ್ಮ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡ ಮೇಲಿನದು. ಅದರಲ್ಲಿ ಆರಂಕಿಯ ಯಾವುದೋ ಸಂಖ್ಯೆ ಇದೆ. ಎರಡು ವರ್ಷ ಕೊರಳಿಗೆ ಕಟ್ಟಿಕೊಂಡು ಓಡಾಡಿದರೂ ಅದು ನನಗೆ ಬಾಯಿಪಾಠವಾಗಲಿಲ್ಲ. ಫೋಟೋ ಮಾತ್ರ ಮೂರರಲ್ಲೂ ಒಂದೇ, ಹುಬ್ಬಳ್ಳಿಯ ದುರ್ಗದ ಬೈಲಿನ ಸ್ಟುಡಿಯೋದಲ್ಲಿ ಗೆಳೆಯನ ಟೈ ಕಟ್ಟಿಕೊಂಡು ತೆಗೆಸಿದ್ದು.

ನಮ್ಮೂರು ತಡಸ, ಶಿಗ್ಗಾವಿ ತಾಲೂಕು. ಹುಬ್ಬಳ್ಳಿಯಿಂದ ಮುಂಡಗೋಡ, ಸಿರ್ಸಿ ಕಡೆಗೆ ಹೋಗುವವರು ನಮ್ಮೂರನ್ನು ಹಾಯ್ದು ಹೋಗುತ್ತಾರೆ. ಮುಂಡಗೋಡದ ಟಿಬೆಟನ್ ಕಾಲೊನಿಯ ಭಿಕ್ಷುಗಳು ಕೆಂಪು ನಿಲುವಂಗಿ ಹೊದ್ದು ನಮ್ಮ ಬಸ್ಸುಗಳಲ್ಲಿ ಕೂತಿರುವುದನ್ನು ನೋಡಿಯೇ ನಾವು ಬೆಳೆದದ್ದು. ಹೊರಗಿನವರಿಗೆ ತಡಸ ಗೊತ್ತಿದ್ದರೆ ಗಾಯತ್ರಿ ತಪೋಭೂಮಿಯಿಂದ ಗೊತ್ತು, ಇಲ್ಲವೇ ಹೆದ್ದಾರಿಯ ತಡಸ ಕ್ರಾಸಿನಿಂದ ಗೊತ್ತು. ನನ್ನ ಸಾಫ್ಟ್‌ವೇರ್ ಕಸುಬಿನ ಚರಿತ್ರೆ ಬರೆಯಲು ಕೂತರೆ ಆ ಕ್ರಾಸಿನಿಂದಲೇ ಶುರು ಮಾಡಬೇಕಾಗುತ್ತದೆ. ಇಪ್ಪತ್ತೈದು ವರ್ಷಗಳಿಂದ ರವಿವಾರ ರಾತ್ರಿ ಅಲ್ಲಿ ನಿಂತು ಬೆಂಗಳೂರಿನ ಬಸ್ಸು ಕಾಯುವವರ ಕೈಯಲ್ಲಿ ಬದಲಾಗದ ಎರಡು ವಸ್ತುಗಳಿವೆ: ರೊಟ್ಟಿಯ ಗಂಟು ಮತ್ತು ಲ್ಯಾಪ್‌ಟಾಪಿನ ಚೀಲ. ಅದಕ್ಕೂ ಮೊದಲಿನ ನಮ್ಮ ಕಾಲದಲ್ಲಿ ಎರಡನೆಯದು ಇರಲಿಲ್ಲ, ಅಷ್ಟೇ ಫರಕು.

ಊರಲ್ಲಿ ಈ ಕಸುಬಿನ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತಾರೆ: ಪಗಾರ ಎಷ್ಟು? ಅದಕ್ಕೆ ಉತ್ತರ ಎಲ್ಲರ ಬಳಿಯೂ ಇದೆ. ಆ ಪಗಾರಕ್ಕೆ ಏನು ಕೊಟ್ಟು ಬಂದೆವು ಎನ್ನುವ ಲೆಕ್ಕವನ್ನು ಯಾರೂ ಬರೆದಿಟ್ಟಂತಿಲ್ಲ.

ಕನಕದಾಸರ ಬಾಡ ನಮ್ಮ ತಾಲೂಕಿನದು, ಶರೀಫರ ಶಿಶುನಾಳವೂ ನಮ್ಮದೇ. ಶಿಗ್ಗಾವಿಯವರು ಇವೆರಡನ್ನು ಹೇಳಿ ಮುಗಿಸುವ ಮೊದಲೇ ಮೂರನೆಯದನ್ನು ಸೇರಿಸುತ್ತಾರೆ: ಸುಧಾ ಮೂರ್ತಿ ಹುಟ್ಟಿದ್ದು ಇಲ್ಲೇ, 1950ರಲ್ಲಿ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಹೆಂಗಸರು ಅರ್ಜಿ ಹಾಕಬೇಕಾಗಿಲ್ಲ ಎಂದಿದ್ದ ಜಾಹೀರಾತು ನೋಡಿ ಸಿಟ್ಟಾಗಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದು ಟೆಲ್ಕೋ ಸೇರಿದವರು. 1981ರಲ್ಲಿ ಗಂಡ ನಾರಾಯಣ ಮೂರ್ತಿಯವರು ಆರು ಜನ ಸಂಗಡಿಗರೊಂದಿಗೆ ಪುಣೆಯಲ್ಲಿ ಇನ್ಫೋಸಿಸ್ ತೆಗೆದಾಗ ಕೂಡಿಟ್ಟ 10,000 ರೂಪಾಯಿ ತೆಗೆದುಕೊಟ್ಟರು. ಹಾಗಾಗಿ ಈ ಕಸುಬಿನ ಬೀಜದ ದುಡ್ಡು ನಮ್ಮ ತಾಲೂಕಿನದು ಎಂದು ನಮ್ಮ ಹೈಸ್ಕೂಲು ಮಾಸ್ತರರು ಹೇಳುತ್ತಿದ್ದರು. ಆ ಲೆಕ್ಕದಲ್ಲಿ ನಾರಾಯಣ ಮೂರ್ತಿಯವರು ನಮ್ಮ ತಾಲೂಕಿನ ಅಳಿಯ. ಈ ಬೀಗತನಕ್ಕೆ ಆಮೇಲೆ ಬರುತ್ತೇನೆ.

ಇನ್ಫೋಸಿಸ್ಸಿಗೂ ನೂರಿಪ್ಪತ್ತು ವರ್ಷ ಹಿಂದೆ ಇದೇ ಸೀಮೆ ಒಂದು ಓಟದ ಬೆಳವಣಿಗೆಯನ್ನು ನೋಡಿತ್ತು. ಆಗ ನಾವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವರು. ಇಲ್ಲಿಯ ಹತ್ತಿ ಚಕ್ಕಡಿಯಲ್ಲಿ ಸಿರ್ಸಿ ದಾಟಿ, ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅದಕ್ಕೇ ವ್ಯಾಪಾರದಲ್ಲಿ ನಮ್ಮ ಹತ್ತಿಯ ಹೆಸರು ‘ಕುಮಟಾ’, ಅಲ್ಲಿ ಒಂದು ಗಿಡ ಹತ್ತಿ ಬೆಳೆಯದಿದ್ದರೂ. 1840ರ ದಶಕದಿಂದ ಅಮೆರಿಕದ ಬೀಜ ತರಿಸಿ ಬೆಳೆಸಿದ್ದಕ್ಕೆ ‘ಧಾರವಾಡ ಅಮೆರಿಕನ್’ ಎಂದು ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಎದ್ದು ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿಗೆ ಹೋಗುವುದು ನಿಂತಿತು. ಇಲ್ಲಿಯ ದರ ನೆತ್ತಿಗೇರಿತು. ಇದ್ದಷ್ಟು ಹತ್ತಿ ಸಾಲದಾದಾಗ ನಮ್ಮವರು ಕುಮಟಾ ಹತ್ತಿಯನ್ನು ಧಾರವಾಡ ಅಮೆರಿಕನ್ ಜೊತೆ ಬೆರೆಸಿದರು, ಅರಳೆಯಲ್ಲಿ ಬೀಜ ಬಿಟ್ಟರು, ನೀರು ಚಿಮುಕಿಸಿ ತೂಕ ಮಾಡಿದರು. 1863ರಲ್ಲಿ ಮುಂಬಯಿ ಸರಕಾರ ಹತ್ತಿ ಮೋಸ ತಡೆಯಲೆಂದೇ ಕಾಯಿದೆ ತರಬೇಕಾಯಿತು. 1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು, ಮುಂಬಯಿಯ ಷೇರುಪೇಟೆ ಮುಗ್ಗರಿಸಿತು. ನಾನು ಇದನ್ನೆಲ್ಲ ಓದಿದ್ದು 2001ರ ಮೇಲೆ, ಕೆಲಸವಿಲ್ಲದೆ ಧಾರವಾಡದ ಗ್ರಂಥಾಲಯದಲ್ಲಿ ಕೂತಿದ್ದಾಗ. ಬೆರಕೆ ಅರಳೆಯ ಪುಟಗಳನ್ನು ಓದುವಾಗ ನಗು ಬಂತು. ನಾನೂ ಅದನ್ನೇ ಮಾಡಿ ಬಂದವನು.

ಬೆಂಗಳೂರಿನ ಕಥೆ ಎಲ್ಲರಿಗೂ ಗೊತ್ತು, ಚುಟುಕಾಗಿ ಹೇಳುತ್ತೇನೆ. 1976ರಲ್ಲಿ ಕಿಯೋನಿಕ್ಸ್, ಅದರ ಹಿಂದೆ ಆರ್.ಕೆ. ಬಾಳಿಗರ ಕನಸಾಗಿ ಎಲೆಕ್ಟ್ರಾನಿಕ್ ಸಿಟಿ. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಉಪಗ್ರಹದ ಮೂಲಕ ಇಲ್ಲಿಯ ಕೆಲಸವನ್ನು ಅಮೆರಿಕಕ್ಕೆ ಕಳಿಸಬಹುದೆಂದು ತೋರಿಸಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳು ಬಂದ ಮೇಲೆ ಸಣ್ಣ ಕಂಪನಿಗೂ ಆ ದಾರಿ ಸಿಕ್ಕಿತು. ಬಾಡಿಗೆ ಮನೆ, ಹತ್ತು ಕಂಪ್ಯೂಟರು, ಮಾಳಿಗೆಯ ಮೇಲೊಂದು ಆಂಟೆನಾ ಇದ್ದರೆ ರಫ್ತುದಾರ. ನಾನು ಸೇರಿದ್ದು ಅಂಥ ಒಂದು ಮನೆಗೆ.

ನಾನು ಬಿ.ವಿ.ಬಿ.ಯಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿದ್ದು 1996ರಲ್ಲಿ. ಒಂದು ವರ್ಷ ಹುಬ್ಬಳ್ಳಿಯಲ್ಲಿ ಯುಪಿಎಸ್ ರಿಪೇರಿ ಮಾಡಿದೆ. 1997ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೆಸರು ಬೇಡ, ಈಗ ಅದು ಆ ಹೆಸರಿನಲ್ಲಿ ಇಲ್ಲ. ಅಮೆರಿಕದ ಸಣ್ಣ ಸಣ್ಣ ಟೆಲಿಫೋನ್ ಕಂಪನಿಗಳಿಗೆ ಬಿಲ್ ಮಾಡುವ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ಯಾರು ಯಾರಿಗೆ ಎಷ್ಟು ನಿಮಿಷ ಮಾತಾಡಿದರು, ನಿಮಿಷಕ್ಕೆ ಎಷ್ಟು ಸೆಂಟು, ರಾತ್ರಿಯ ರಿಯಾಯಿತಿ ಎಷ್ಟು ಎಂದು ಲೆಕ್ಕ ಕಟ್ಟುವ ಭಾಗವನ್ನು ನಾನೇ ಬರೆದೆ. ಸಿ ಭಾಷೆಯಲ್ಲಿ ನಾಕು ಸಾವಿರ ಸಾಲು. ಕಣ್ಣು ಮುಚ್ಚಿದರೆ ಯಾವ ಸಾಲು ಎಲ್ಲಿದೆ ಎಂದು ಕಾಣುತ್ತಿತ್ತು, ಅಪ್ಪನಿಗೆ ಹೊಲದ ಬದುವಿನ ಕಲ್ಲು ಕಾಣುವ ಹಾಗೆ.

ಆ ದಿನಗಳನ್ನು ಹೊಗಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅರವತ್ಮೂರು ಜನ ಒಂದೇ ಅಡುಗೆಮನೆಯಲ್ಲಿ ಚಹಾ ಮಾಡಿಕೊಳ್ಳುತ್ತಿದ್ದೆವು. ಗಿರಾಕಿಯ ಫೋನು ಬಂದರೆ ಹತ್ತಿರ ಇದ್ದವನು ಎತ್ತುತ್ತಿದ್ದ, ತಪ್ಪು ಯಾರದೋ ಅವನೇ ಸರಿ ಮಾಡುತ್ತಿದ್ದ, ಸಂಜೆಗೆ ಗಿರಾಕಿ ಥ್ಯಾಂಕ್ಸ್ ಹೇಳುತ್ತಿದ್ದ. ಮಾಲಕರು ನಮ್ಮ ಜೊತೆ ಕೂತು ಅವ್ವನ ರೊಟ್ಟಿ, ಗುರೆಳ್ಳು ಚಟ್ನಿ ತಿಂದವರು. ತಿಂಗಳಿಗೆ ಒಂಬತ್ತು ಸಾವಿರ ಪಗಾರ. ಊರಲ್ಲಿ ಅದು ಸಾಹೇಬರ ಪಗಾರ.

1999ರಲ್ಲಿ ಅಮೆರಿಕದ ದುಡ್ಡು ಬಂತು. ಎಪ್ರಿಲ್‌ನಲ್ಲಿ ನಾವು ಇನ್ನೂರು, ದೀಪಾವಳಿಗೆ ಐನೂರು, ಮರುವರ್ಷದ ಯುಗಾದಿಗೆ ಸಾವಿರ ದಾಟಿದೆವು. ಒಂದು ಮನೆ ನಾಕು ಕಟ್ಟಡವಾಯಿತು. ಅಷ್ಟು ಜನ ಎಲ್ಲಿಂದ ಬಂದರು? ನಾವೇ ತಂದೆವು. ಶನಿವಾರ ಒಂದು ಹೋಟೆಲಿನ ಹಾಲ್ ಹಿಡಿದು ಬೆಳಗ್ಗೆ ಎಂಟರಿಂದ ರಾತ್ರಿಯವರೆಗೆ ಇಂಟರ್‌ವ್ಯೂ ಮಾಡುತ್ತಿದ್ದೆವು. ನಾನೊಬ್ಬನೇ ದಿನಕ್ಕೆ ಇಪ್ಪತ್ತು ಜನರನ್ನು ನೋಡುತ್ತಿದ್ದೆ. ಆ ವರ್ಷ ನಾನು ಬರೆದ ಪ್ರೋಗ್ರಾಮಿಗಿಂತ ಬರೆದ ಇಂಟರ್‌ವ್ಯೂ ಚೀಟಿಗಳೇ ಹೆಚ್ಚು. ಮೊದಲು ಚಲೋ ಹುಡುಗರನ್ನಷ್ಟೇ ತೆಗೆದುಕೊಂಡೆವು. ಆಮೇಲೆ ಕಲಿಯಬಲ್ಲರು ಎನಿಸಿದವರನ್ನು. ಕೊನೆಗೆ ಸೋಮವಾರ ಬಂದು ಕೂಡುವವರನ್ನು. ವಾರಕ್ಕೆ ಮೂವತ್ತು ಜನ ಎಂದು ಮೇಲಿನವರು ಗೆರೆ ಎಳೆದಿದ್ದರು, ಗೆರೆ ಮುಟ್ಟದಿದ್ದರೆ ಮಾತು ನಮ್ಮ ಮೇಲೆ. ಬೆರಕೆ ಅರಳೆ ಎಂದೆನಲ್ಲ, ಅದು ಇದು.

ಆ ಹುಡುಗರ ತಪ್ಪೇನೂ ಇರಲಿಲ್ಲ. ಅವರಿಗೆ ಕಲಿಸುವವರು ಯಾರು? ಕಲಿಸಬೇಕಾದ ನಾನು ಮುಂದಿನ ಶನಿವಾರದ ಚೀಟಿ ಬರೆಯುತ್ತಿದ್ದೆ. ಮೂರು ತಿಂಗಳು ನನ್ನ ಹಿಂದೆ ಕೂತಿದ್ದ ಹುಡುಗಿಯೊಬ್ಬಳು, ಕಲಬುರ್ಗಿ ಕಡೆಯವಳು, ಒಂದು ದಿನ ಬಂದು “ಸರ್, ನಮ್ಮ ಕೆಲಸ ಏನಂತ ಒಮ್ಮೆ ಹೇಳ್ತೀರೇನ್ರಿ?” ಎಂದು ಕೇಳಿದಳು. ನಾನು ಹದಿನೈದು ನಿಮಿಷ ಹೇಳಿದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕಂಪನಿಯಲ್ಲಿ ಬಿಲ್ಲಿಂಗ್ ಬಗ್ಗೆ ಬರವಣಿಗೆಯಲ್ಲಿ ಇದ್ದದ್ದು ಬಹುಶಃ ಆ ನೋಟ್‌ಬುಕ್ ಒಂದೇ.

ಉಳಿದದ್ದು ನಮ್ಮ ತಲೆಯಲ್ಲಿತ್ತು, ತಲೆಗಳು ಹೊರಟಿದ್ದವು. ಅಮೆರಿಕವು ವರ್ಷಕ್ಕೆ 65,000 ಇದ್ದ ಎಚ್-1ಬಿ ವೀಸಾವನ್ನು 1999ಕ್ಕೆ 1,15,000ಕ್ಕೂ 2001ಕ್ಕೆ 1,95,000ಕ್ಕೂ ಏರಿಸಿತು. ನಮ್ಮ ಆಫೀಸಿನಲ್ಲಿ ಆ ಅಂಕಿಗಳು ಖಾಲಿ ಕುರ್ಚಿಗಳಾಗಿ ಕಾಣಿಸಿದವು. ದಾವಣಗೆರೆಯ ಗೆಳೆಯ ಹೋದ ದಿನ ತೆರಿಗೆ ಲೆಕ್ಕ ಕಟ್ಟುವ ಭಾಗ ಅವನ ಜೊತೆ ಹೋಯಿತು. ಫೈಲುಗಳು ಇದ್ದವು, ಯಾಕೆ ಹಾಗೆ ಬರೆದಿದೆ ಎಂದು ಹೇಳುವವನಿರಲಿಲ್ಲ. ಅವನ ಭಾಗವೂ ನನ್ನ ಕೊರಳಿಗೆ ಬಿತ್ತು. ಹೊಸಬರು ಬಂದಷ್ಟೂ ಹಳಬರ ಕೆಲಸ ಹೆಚ್ಚಾಗುತ್ತದೆ ಎನ್ನುವುದು ಪಗಾರ ಕೇಳುವವರಿಗೆ ತಿಳಿಸಿ ಹೇಳುವುದು ಕಷ್ಟ. ಹತ್ತು ಆಳು ಬಂದರೆ ಕಳೆ ಬೇಗ ತೆಗೆದು ಮುಗಿಯುತ್ತದಲ್ಲ ಎನ್ನುತ್ತಾರೆ. ಆ ಹತ್ತೂ ಜನಕ್ಕೆ ಯಾವುದು ಕಳೆ, ಯಾವುದು ಪೈರು ಎಂದು ನೀನೊಬ್ಬನೇ ತೋರಿಸಬೇಕಾಗಿದ್ದರೆ?

ಪಗಾರದ ಮಾತು ಬಂತು. ನಾನೇ ಆರಿಸಿದ ಹುಡುಗನಿಗೆ ನನಗಿಂತ ನಾಕು ಸಾವಿರ ಹೆಚ್ಚು ಎಂದು ಪ್ರಿಂಟರಿನ ಮೇಲೆ ಯಾರೋ ಮರೆತ ಹಾಳೆಯಿಂದ ತಿಳಿಯಿತು. ಹೊಸಬನನ್ನು ಪೇಟೆ ದರಕ್ಕೆ ಕೊಳ್ಳಬೇಕು, ಹಳಬ ಮನೆಯ ದನ. ಕೇಳಿದ್ದಕ್ಕೆ ಮ್ಯಾನೇಜರು ಸ್ಟಾಕ್ ಆಪ್ಷನ್ ಕಾಗದ ನೆನಪಿಸಿದರು. ಆ ವರ್ಷ ಮೂವರು ಮ್ಯಾನೇಜರು ಬದಲಾದರು, ಅಪ್ರೈಸಲ್ ಮಾಡಿದವರಿಗೆ ನಾನು ಮಾಡಿದ್ದೇನು ಎಂದು ಗೊತ್ತಿರಲಿಲ್ಲ. ಅದು ದೊಡ್ಡ ನೋವಲ್ಲ. ದೊಡ್ಡದು ಬೇರೆ ಇತ್ತು.

ನನ್ನ ನಾಕು ಸಾವಿರ ಸಾಲು ಇಪ್ಪತ್ತು ಸಾವಿರ ಫೋನು ಇದ್ದ ಕಂಪನಿಗೆ ಬರೆದದ್ದು. ಮಾರಾಟದವರು ಅದನ್ನು ಹತ್ತು ಲಕ್ಷ ಫೋನು ಇದ್ದವರಿಗೆ ಮಾರಿ ಬಂದರು. ಒಂದು ದಿನದ ಕರೆಗಳ ಲೆಕ್ಕ ಕಟ್ಟಲು ಪ್ರೋಗ್ರಾಮಿಗೆ ಮೂವತ್ತೊಂದು ತಾಸು ಬೇಕಾಯಿತು. ದಿನಕ್ಕೆ ಇಪ್ಪತ್ನಾಲ್ಕೇ ತಾಸು ಎಂದು ಮಾರಾಟದವರಿಗೆ ಯಾರು ಹೇಳಬೇಕು? ಬುಡದಿಂದ ಮತ್ತೆ ಬರೆಯಬೇಕು, ಮೂರು ತಿಂಗಳು ಕೊಡಿ ಎಂದೆ. ಎರಡು ಶನಿವಾರ-ರವಿವಾರ ಕೊಟ್ಟರು. ನಾನು ಕರೆಗಳನ್ನು ನಾಕು ಭಾಗ ಮಾಡಿ ನಾಕು ಯಂತ್ರಕ್ಕೆ ಹಂಚುವ ಒಂದು ತೇಪೆ ಹಚ್ಚಿದೆ. ತಿಂಗಳ ಕೊನೆಯ ದಿನ ಅದು ಒಮ್ಮೊಮ್ಮೆ ಒಂದೇ ಕರೆಗೆ ಎರಡು ಸಲ ದುಡ್ಡು ಹಾಕುತ್ತಿತ್ತು. ಯಾಕೆಂದು ನನಗೆ ಗೊತ್ತಿತ್ತು, ಸರಿ ಮಾಡಲು ಪುರಸೊತ್ತಿರಲಿಲ್ಲ. ಮೇಲೆ ‘ಇದು ತಾತ್ಕಾಲಿಕ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಒಂಬತ್ತು ವರ್ಷ ಆದ ಮೇಲೆ ಒಬ್ಬ ಹುಡುಗ ಫೋನ್ ಮಾಡಿ ಆ ಸಾಲು ಓದಿ ಹೇಳಿ, “ಸರ್, ಇದನ್ನು ತೆಗಿಬಹುದಾ?” ಎಂದು ಕೇಳಿದ.

ತಿಂಗಳ ಕೊನೆ ಬಂತೆಂದರೆ ನನ್ನ ಸೊಂಟದ ಪೇಜರು ನಡುಗುತ್ತಿತ್ತು. ಚಳಿಗಾಲದಲ್ಲಿ ನ್ಯೂಯಾರ್ಕಿನವರಿಗೆ ಬೆಳಗಿನ ಒಂಬತ್ತು ಎಂದರೆ ನಮಗೆ ಸಂಜೆ ಏಳೂವರೆ. ಅವರು ಆಫೀಸಿಗೆ ಬಂದು ಕಾಫಿ ಕುಡಿದು ತಪ್ಪು ಬಿಲ್ಲು ನೋಡುವ ಹೊತ್ತಿಗೆ ನಾವು ಊಟಕ್ಕೆ ಕೂತಿರುತ್ತಿದ್ದೆವು. ಅಲ್ಲಿಂದ ಅವರ ಸಂಜೆಯವರೆಗೆ, ಅಂದರೆ ನಮ್ಮ ನಸುಕಿನವರೆಗೆ. ಮರುದಿನ ಹತ್ತಕ್ಕೆ ಮತ್ತೆ ಮೀಟಿಂಗು, ಯಾಕೆಂದರೆ ಹೊಸ ಮ್ಯಾನೇಜರು ಹಗಲಿನ ಮನುಷ್ಯ. 1999ರ ಡಿಸೆಂಬರ್ 31ರ ರಾತ್ರಿ ಇಸವಿ 2000 ಹುಟ್ಟಿದೊಡನೆ ಕಂಪ್ಯೂಟರುಗಳು ತಾರೀಖು ತಪ್ಪುತ್ತವೆ ಎಂಬ ವೈ2ಕೆ ಭೂತ ಕಾಯುತ್ತ ಎಲ್ಲರೂ ಆಫೀಸಿನಲ್ಲೇ ಮಲಗಿದ್ದೆವು. ಆ ಭೂತ ಬರಲಿಲ್ಲ, ಅಂದು ರಾತ್ರಿ ಕೇಕು ತಿಂದೆವು. ಭೂತ ಬಂದದ್ದು ಮೇ ತಿಂಗಳಲ್ಲಿ, ನನ್ನ ತಂಗಿಯ ಮದುವೆಗೆ.

ಮದುವೆ ತಡಸದಲ್ಲೇ, ಮನೆ ಮುಂದೆ ಹಂದರ ಹಾಕಿ. ನಮ್ಮೂರಲ್ಲಿ ಪೇಜರ್ ಮುಟ್ಟುವುದಿಲ್ಲ ಎಂದು ನಿರುಂಬಳವಾಗಿದ್ದೆ. ಹುಬ್ಬಳ್ಳಿಯ ಕಾಕಾನ ಮನೆಗೆ ಆಫೀಸಿನವರು ಫೋನ್ ಮಾಡಿ, ಅವನ ಮಗ ಮೋಟರ್‌ಸೈಕಲ್ಲಿನಲ್ಲಿ ಸುದ್ದಿ ತಂದ. ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೆ ಓಡಿದೆ. ಅತ್ತ ಬೆಂಗಳೂರಿನಲ್ಲಿ ಆರು ವಾರದ ಹಿಂದೆ ಸೇರಿದ ಹುಡುಗ. ಅವನಿಗೆ ಫೋನಿನಲ್ಲೇ ಸಾಲು ಸಾಲು ಹೇಳಿ ಬರೆಸಬೇಕು. “ಸ್ಟಾರ್ ಹಾಕು. ಬ್ರಾಕೆಟ್ ಮುಚ್ಚು. ಇಲ್ಲ, ಹೂವಿನ ಬ್ರಾಕೆಟ್. ಈಗ ಓಡಸು. ಏನ್ ಅಂತು?” ಒಂದು ತಾಸು ಇಪ್ಪತ್ತು ನಿಮಿಷ. ಗಾಜಿನ ಹೊರಗೆ ಊರ ಹುಡುಗರು ನಿಂತು ನೋಡುತ್ತಿದ್ದರು. ವಾಲಗದ ಗಟ್ಟಿ ಸದ್ದು ಕೇಳಿದಾಗ ಅಕ್ಷತೆ ಬಿತ್ತೆಂದು ಗೊತ್ತಾಯಿತು. ಮೀಟರು 1,140 ರೂಪಾಯಿ ತೋರಿಸುತ್ತಿತ್ತು. ಬೂತಿನ ಮಾಲಕ ನನ್ನ ಮುಖ ನೋಡಿ ನಲವತ್ತು ಬಿಟ್ಟ. ಈ ಹುಡುಗ ಫೋನಿನಾಗ ಏನೋ ಮಂತ್ರ ಹೇಳತಾನ, ಅಮೆರಿಕಾದಾಗ ಮಶಿನ್ ಚಾಲೂ ಆಗತೈತಿ ಎಂದು ಅವನು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದ. ತಂಗಿಯ ಮದುವೆಯ ಅಲ್ಬಮ್ಮಿನಲ್ಲಿ ಅಕ್ಷತೆಯ ಫೋಟೋದಲ್ಲಿ ನಾನಿಲ್ಲ. ಅವಳು ಇವತ್ತಿಗೂ ಆ ಪುಟ ಬಂದಾಗ ಏನೂ ಅನ್ನದೆ ಬೇಗ ಮಗುಚುತ್ತಾಳೆ.

ಆ ಚಳಿಗಾಲ ಅಪ್ಪ ಬೆಂಗಳೂರಿಗೆ ಬಂದ. ಸವಣೂರ ಖಾರಾ ಎರಡು ಕಿಲೋ ತಂದಿದ್ದ, ಮೊದಲಿನ ಅರವತ್ಮೂರು ಜನರ ಲೆಕ್ಕದಲ್ಲಿ. ವಿಸಿಟರ್ ಬ್ಯಾಡ್ಜ್ ಹಾಕಿಕೊಂಡು ರಿಸೆಪ್ಷನ್ನಿನ ಸೋಫಾದ ತುದಿಯಲ್ಲಿ ಎರಡು ತಾಸು ಕೂತಿದ್ದ. ಒಳಗೆ ಬಿಡಲು ಸೆಕ್ಯುರಿಟಿ ನಿಯಮ ಒಪ್ಪುತ್ತಿರಲಿಲ್ಲ. ರಾತ್ರಿ ರೂಮಿನಲ್ಲಿ ಊಟ ಮಾಡುತ್ತ ನಾನು ಗೋಳು ತೋಡಿಕೊಂಡೆ. ಮೊದಲು ಇಡೀ ಬಿಲ್ಲಿಂಗ್ ನನ್ನದಾಗಿತ್ತು, ಈಗ ಅದಕ್ಕೆ ಎಂಟು ಟೀಮು, ನಾನು ಎಂಟರಲ್ಲಿ ಒಂದರ ಅರ್ಧ, ಒಂದು ಸಾಲು ತಿದ್ದಬೇಕಾದರೂ ಮೂರು ಮಂದಿ ಸಹಿ ಬೇಕು, ತಪ್ಪಾದರೆ ಮಾತ್ರ ಎಲ್ಲ ನನ್ನದು ಎಂದೆ. ಅಪ್ಪ ಬಹಳ ಹೊತ್ತು ಉಂಡು, ಕೈ ತೊಳೆದು ಹೇಳಿದ:

“ಅಲ್ಲೋ ತಮ್ಮಾ, ಕಂಪನಿ ದೊಡ್ಡದಾತು ಅಂತಿ, ನಿನ್ನ ಕೆಲಸ ಸಣ್ಣದಾತು ಅಂತಿ. ಯೂರಿಯಾ ಹೆಚ್ಚಾದ ಹತ್ತಿ ಹಂಗ ಆತಲ್ಲ ಇದು. ಎದಿಮಟ ಎಲಿ ಇರತೈತಿ, ಕಾಯಿ ಹುಡುಕಬೇಕು.”

ಹುಬ್ಬಳ್ಳಿಯ ಕಾಕಾ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಅವನಿಗೆ ನನ್ನ ರಾತ್ರಿಗಳ ಬಗ್ಗೆ ಕೇಳಿ ಒಂದೇ ಬೆರಗು: “ಓಟಿ ಎಷ್ಟ ಕೊಡತಾರ?” ಏನೂ ಇಲ್ಲ ಎಂದಾಗ ನಂಬಲಿಲ್ಲ. 1948ರ ಫ್ಯಾಕ್ಟರಿ ಕಾಯಿದೆ ಹೆಚ್ಚುವರಿ ತಾಸಿಗೆ ಇಮ್ಮಡಿ ಕೂಲಿ ಎನ್ನುತ್ತಿತ್ತು. ಅದು ಅವನಿಗೆ ಗಾಳಿ ನೀರಿನಷ್ಟೇ ಸಹಜ. ಸೈರನ್ ಆದರೆ ಕೈಯಲ್ಲಿದ್ದ ಪಾನಾ ಕೆಳಗಿಡುತ್ತಿದ್ದ. ನಮ್ಮದಕ್ಕೆ ಸೈರನ್ ಇಲ್ಲ. ಕೆಲಸದ ವೇಳೆ, ರಜೆ, ಶಿಸ್ತುಕ್ರಮ, ವಜಾ ಇವಕ್ಕೆಲ್ಲ ಬರೆದ ನಿಯಮ ಬೇಕು ಎನ್ನುತ್ತಿದ್ದ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯಿಂದಲೂ ಕರ್ನಾಟಕ ಸರಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತ ಬಂತು. 2014ರಲ್ಲಿ ಐದು ವರ್ಷಕ್ಕೆ ಕೊಟ್ಟಿತು, 2019ರಲ್ಲಿ ಇನ್ನೈದು ವರ್ಷಕ್ಕೆ. ಬೆಳೆಯುವ ಗಿಡಕ್ಕೆ ಬೇಲಿ ಬೇಡ ಎಂಬ ವಾದ. ನಾವೂ ಕೇಳಲಿಲ್ಲ. ಯೂನಿಯನ್ ಎಂದರೆ ಕಾಕಾನಂಥವರದು, ನಾವು ಎಂಜಿನಿಯರುಗಳು ಎಂಬ ಸೊಕ್ಕು ನಮಗಿತ್ತು, ಅದನ್ನು ಮುಚ್ಚಿಡುವುದು ಸುಳ್ಳಾಗುತ್ತದೆ. ಕರ್ನಾಟಕದಲ್ಲಿ ಐಟಿ ನೌಕರರ ಸಂಘವೊಂದು ನೋಂದಣಿಯಾಗಲು 2017 ಬರಬೇಕಾಯಿತು.

2000ದ ಮಾರ್ಚ್ 10ರಂದು ಅಮೆರಿಕದ ಷೇರುಪೇಟೆ ಸೂಚ್ಯಂಕ ನ್ಯಾಸ್‌ಡ್ಯಾಕ್ ತುದಿ ಮುಟ್ಟಿ ಇಳಿಯತೊಡಗಿತ್ತು. ಹುಬ್ಬಳ್ಳಿಯಲ್ಲಿ ಆಗ ಎಲ್ಲರ ಬಾಯಲ್ಲೂ ದೇಶ್ ದೇಶಪಾಂಡೆ. ಹುಬ್ಬಳ್ಳಿಯಲ್ಲಿ ಹುಟ್ಟಿದವರು, ಅವರ ಸಿಕಮೋರ್ ನೆಟ್‌ವರ್ಕ್ಸ್ 1999ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆಗೆ ಬಂದ ದಿನವೇ ಜಗತ್ತಿನ ದೊಡ್ಡ ಸಿರಿವಂತರ ಸಾಲಿಗೆ ಸೇರಿದ್ದರು. ಅವರನ್ನು ನೋಡಿ ನಮ್ಮ ಓಣಿಯ ಬ್ಯಾಂಕ್ ಮ್ಯಾನೇಜರರೂ ನ್ಯಾಸ್‌ಡ್ಯಾಕ್ ಎನ್ನಲು ಕಲಿತಿದ್ದರು. ಸಿಕಮೋರ್ ಷೇರು ಕೂಡ ಉಳಿದವುಗಳ ಜೊತೆ ನೆಲಕ್ಕೆ ಬಂತು. ನಮ್ಮ ಗಿರಾಕಿಗಳಾದ ಸಣ್ಣ ಟೆಲಿಫೋನ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸವಿಲ್ಲದೆ ಪಗಾರ ತೆಗೆದುಕೊಂಡು ಕೂಡುವುದಕ್ಕೆ ‘ಬೆಂಚ್’ ಎನ್ನುತ್ತಾರೆ. ನಮ್ಮಲ್ಲಿ ಬೆಂಚ್ ಎಷ್ಟು ಉದ್ದವಾಯಿತೆಂದರೆ ಒಂದು ಇಡೀ ಮಾಳಿಗೆ. 2001ರ ಆಗಸ್ಟ್‌ನಲ್ಲಿ ಒಂದು ಗುರುವಾರ ಬೆಳಗ್ಗೆ ನಾನೂರು ಜನರ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಕಲಬುರ್ಗಿಯ ಹುಡುಗಿ ಗೇಟಿನ ಹೊರಗೆ ನಿಂತಿದ್ದಳು, ಆ ನೋಟ್‌ಬುಕ್ ಒಳಗೆ ಡೆಸ್ಕಿನಲ್ಲಿತ್ತು. ನಾನು ಒಳಗಿದ್ದೆ. ತಂದುಕೊಡಬಹುದಿತ್ತು. ಸೆಕ್ಯುರಿಟಿಯವರನ್ನು ಕೇಳಲು ಹೆದರಿ ಕಿಟಕಿ ಬಿಟ್ಟು ಸರಿದೆ.

ನನ್ನ ಕೈಯಲ್ಲಿದ್ದ ನಾಕು ಸಾವಿರ ಆಪ್ಷನ್ನುಗಳ ಬೆಲೆ, ಕಂಪನಿ ಮಾರಾಟವಾದ ದಿನ, ಅವನ್ನು ಕೊಳ್ಳಲು ನಾನೇ ಕೊಡಬೇಕಾದ ಬೆಲೆಗಿಂತ ಕಡಿಮೆಯಿತ್ತು. ಅಂದರೆ ಸೊನ್ನೆ. ಹಳೆಯ ನೌಕರಿ, ಹೊಸ ಕಾರ್ಡು, ಆರಂಕಿಯ ನಂಬರು. ಅದರ ನಡುವೆ ಆರು ತಿಂಗಳು ಪಗಾರವಿಲ್ಲದ ರಜೆಯ ಮೇಲೆ ಮನೆಗೆ ಕಳಿಸಿದರು. ಆಗಲೇ ಧಾರವಾಡದಲ್ಲಿ ಕೂತು ಹತ್ತಿಯ ಚರಿತ್ರೆ ಓದಿದ್ದು. 1865ರಲ್ಲಿ ದರ ಬಿದ್ದಾಗ ಹೊಲದವನ ಮನೆಯಲ್ಲಿ ಉಳಿದದ್ದೇನು ಎಂದು ಹುಡುಕಿದೆ. ವ್ಯಾಪಾರಿಗಳ ನಷ್ಟ ದಾಖಲೆಯಾಗಿದೆ, ಮುಂಬಯಿಯ ಬ್ಯಾಂಕು ಮುಳುಗಿದ ಕಥೆ ಇದೆ. ಬೆಳೆದವನ ಹೆಸರಿನಲ್ಲಿ ಒಂದು ಪುಟವೂ ಸಿಗಲಿಲ್ಲ.

ಇದರಿಂದ ಈ ಕಸುಬು ಕೆಟ್ಟದ್ದು ಎಂದು ತಿಳಿಯಬಾರದು. ಅಪ್ಪನ ಸೊಸೈಟಿ ಸಾಲ ತೀರಿದ್ದು, ತಂಗಿಯ ಮದುವೆಯಾದದ್ದು, ಮನೆಗೆ ಆರ್‌ಸಿಸಿ ಬಿದ್ದದ್ದು ಅದೇ ದುಡ್ಡಿನಿಂದ. ನಾನು ಈಗಲೂ ಹುಬ್ಬಳ್ಳಿಯಲ್ಲಿ ಕೂತು ಪ್ರೋಗ್ರಾಂ ಬರೆದೇ ಉಣ್ಣುತ್ತೇನೆ, ಹನ್ನೊಂದು ಜನರ ಸಣ್ಣ ಕಂಪನಿಯಲ್ಲಿ. ಕಂಪನಿ ದೊಡ್ಡದು ಮಾಡೋಣ ಎಂದು ಯಾರಾದರೂ ಬಂದರೆ ಚಹಾ ಕುಡಿಸಿ ಕಳಿಸುತ್ತೇವೆ.

ಇನ್ನು ಅಳಿಯನ ಮಾತು. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ದೇಶದ ಎಳೆಯರು ವಾರಕ್ಕೆ 70 ತಾಸು ದುಡಿಯಬೇಕು ಎಂದರು. ನಮ್ಮ ಕಡೆ ಅಳಿಯನಿಗೆ ಎದುರು ಮಾತಾಡುವುದಿಲ್ಲ. ಸುಮ್ಮನೆ ನನ್ನ 2000ದ ಡೈರಿ ತೆಗೆದು ಕೂಡಿಸಿ ನೋಡಿದೆ. ಜೂನ್ ಕೊನೆಯ ವಾರ 81 ತಾಸು ಬಂತು. ಅಳಿಯ ಹೇಳಿದ್ದಕ್ಕಿಂತ ಹನ್ನೊಂದು ತಾಸು ಮುಂದಿದ್ದೆ, ಸರ್ಟಿಫಿಕೇಟ್ ಕೇಳಬಹುದಿತ್ತು. ಆ 81ರಲ್ಲಿ ಬಿಲ್ಲಿಂಗ್ ಸುಧಾರಿಸಿದ್ದು ಎಷ್ಟು ತಾಸು ಎಂದು ಹುಡುಕಿದರೆ ಆರೋ ಏಳೋ ಸಿಗುತ್ತವೆ. ಉಳಿದದ್ದು ಮೀಟಿಂಗು, ಇಂಟರ್‌ವ್ಯೂ, ತೇಪೆಯ ಮೇಲೆ ತೇಪೆ. 2024ರ ಜುಲೈನಲ್ಲಿ ಐಟಿಯವರು ದಿನಕ್ಕೆ 14 ತಾಸಿನವರೆಗೆ ದುಡಿಯಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾವ ಸರಕಾರದ ಮುಂದೆ ಬಂದಾಗ ಆ ಹೊಸ ಸಂಘದವರು ಬೀದಿಗಿಳಿದರು. ಪೇಪರಿನಲ್ಲಿ ಅವರ ಫೋಟೋ ನೋಡಿ ಕಾಕಾ, ಎಂಬತ್ತರ ಮುದುಕ, ಕನ್ನಡಕ ಏರಿಸಿ “ಈಗ ಶಾಣ್ಯಾ ಆದ್ರು” ಎಂದ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇನ್ಫೋಸಿಸ್ಸಿನ ದೊಡ್ಡ ಕ್ಯಾಂಪಸ್ ಕಟ್ಟಿ ಮುಗಿದೂ ವರ್ಷಗಟ್ಟಲೆ ಸುಮ್ಮನೆ ನಿಂತು 2022ರಲ್ಲಿ ಬಾಗಿಲು ತೆರೆಯಿತು. ಇಲ್ಲೇ ಕೆಲಸ ಸಿಕ್ಕರೆ ರವಿವಾರದ ಬಸ್ಸು ತಪ್ಪುತ್ತದೆ ಎಂದು ಊರಲ್ಲಿ ಆಸೆ ಹುಟ್ಟಿತು. ಅದಕ್ಕೆ ಮೊದಲೇ, 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ, ಬೆಂಗಳೂರಿನಲ್ಲಿದ್ದ ನಮ್ಮೂರ ಹುಡುಗರೆಲ್ಲ ತಡಸಕ್ಕೆ ಬಂದು ಮಾಳಿಗೆಯ ಮೇಲೆ, ಗುಡಿಯ ಕಟ್ಟೆಯ ಮೇಲೆ, ನೆಟ್‌ವರ್ಕ್ ಸಿಕ್ಕಲ್ಲಿ ಕೂತಿದ್ದರು. ಎರಡು ವರ್ಷ ಊರು ತುಂಬಿತ್ತು. ಆದರೆ ನಾನು ನೋಡಿದಂತೆ ಹುಡುಗರು ಊರಲ್ಲಿ ಇರಲಿಲ್ಲ. ಅವ್ವಂದಿರು ತಾಟು ಹಿಡಿದು ಮಾಳಿಗೆ ಹತ್ತಿ, ಮಗ ಕಿವಿಯಲ್ಲಿ ವೈರು ಇಟ್ಟುಕೊಂಡು ಕೈಸನ್ನೆ ಮಾಡಿದಾಗ ತಾಟು ಅಲ್ಲೇ ಇಟ್ಟು ಇಳಿಯುತ್ತಿದ್ದರು. ಎಸ್‌ಟಿಡಿ ಬೂತು ಮನೆಯ ಮೇಲೇ ಬಂದು ಕೂತ ಹಾಗಿತ್ತು.

ಕಳೆದ ದೀಪಾವಳಿ ಮುಗಿದ ರವಿವಾರ ತಂಗಿಯ ಮಗನನ್ನು ಬಸ್ಸಿಗೆ ಕೂರಿಸಲು ಕ್ರಾಸಿಗೆ ಹೋಗಿದ್ದೆ. ಎರಡು ವರ್ಷದಲ್ಲಿ ಎಂಬತ್ತರಿಂದ ಒಂಬೈನೂರು ಜನವಾದ ಕಂಪನಿ ಅವನದು. ಚಹಾದ ಅಂಗಡಿಯ ಬಲ್ಬಿನ ಕೆಳಗೆ ರೊಟ್ಟಿಯ ಗಂಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತಿದ್ದ. ಏನೋ ಬಿದ್ದಿದೆ ಎಂದ. ಬಸ್ಸು ಬಂತು. ಕಂಡಕ್ಟರು ಸೀಟಿ ಊದಿದ.

“ಎರಡ ನಿಮಿಷ ರೀ ಅಣ್ಣಾ.”

“ಎಲ್ಲಾರೂ ಎರಡೇ ನಿಮಿಷ ಅಂತಾರ,” ಕಂಡಕ್ಟರು ಬಾಗಿಲಿನಿಂದಲೇ ಹೇಳಿದ. “ಹಿಂದ ಕ್ರಾಸಿನ್ಯಾಗೂ ಒಬ್ಬಾಂವ ಹಂಗ ಅಂದ. ಬಸ್ಸಿನ್ಯಾಗ ಕುಂತು ಮಾಡ್ರಿ.”

ಹುಡುಗ ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯ ಹಾಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ನಾನು ರೊಟ್ಟಿಯ ಗಂಟನ್ನು ಕಿಟಕಿಯೊಳಗಿಂದ ಕೊಟ್ಟೆ. “ಮಾಮಾ, ಇದನ್ನ ಯಾರ್ ಬರದಾರೋ ಏನೋ, ಮ್ಯಾಲೆ ತಾತ್ಕಾಲಿಕ ಅಂತ ಬರದಾರ ನೋಡ್ರಿ,” ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದ. ಬಸ್ಸು ಹೊರಟಿತ್ತು, ಓದಲಾಗಲಿಲ್ಲ.